108 ಆಂಬ್ಯುಲೆನ್ಸ್ ಸೇವೆ: ಬಂದವರಿಗೆ ಪೂರ್ಣ ಅಂಕ, ಬಟವಾಡೆಗೆ ಇಲ್ಲ

ಕಳೆದ ಸಂಕ್ರಾಂತಿಗೆ ಎರಡು ದಿನ ಮುಂಚೆ, ರಾತ್ರಿ ಎರಡೂಕಾಲರ ಹೊತ್ತಿಗೆ, ಎಂಬತ್ತೆರಡು ವರ್ಷದ ನಮ್ಮ ತಾಯಿಗೆ ಉಸಿರಾಡುವುದು ಕಷ್ಟವಾಯಿತು. ನಮ್ಮ ಊರು ತಿಪಟೂರು ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗಿದೆ. ಊರಿನಲ್ಲಿರುವ ಎರಡು ಕಾರುಗಳಲ್ಲಿ ಒಂದು ಶಬರಿಮಲೆಗೆ ಹೋಗಿತ್ತು, ಇನ್ನೊಂದರ ಯಜಮಾನರು ಬೆಂಗಳೂರಿನಲ್ಲಿದ್ದರು. ತಮ್ಮ 108ಕ್ಕೆ ಕರೆ ಮಾಡಿದ. ಆ ಕಡೆಯ ಹೆಣ್ಣುಮಗಳು ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಗುರುತು ಎಂದು ಒಂದಾದ ಮೇಲೊಂದು ಕೇಳಿದಳು. ಹಾಲಿನ ಡೈರಿಯ ಪಕ್ಕದ ಅರಳಿಕಟ್ಟೆ ಎಂದು ಹೇಳಿದೆವು. ಮೂವತ್ತೊಂದನೆಯ ನಿಮಿಷಕ್ಕೆ ಅರಳಿಕಟ್ಟೆಯ ಮುಂದೆ ನೀಲಿ ದೀಪ ಕಂಡಿತು.

ವಾಹನದಲ್ಲಿ ಇಬ್ಬರಿದ್ದರು. 108ರ ಮಾತಿನಲ್ಲಿ ಚಾಲಕರನ್ನು ಪೈಲಟ್ ಎನ್ನುತ್ತಾರೆ, ಹಿಂದೆ ರೋಗಿಯ ಜೊತೆ ಕೂರುವ ತುರ್ತು ಚಿಕಿತ್ಸಾ ತಂತ್ರಜ್ಞರನ್ನು ಇಎಂಟಿ ಎನ್ನುತ್ತಾರೆ. ಆ ರಾತ್ರಿಯ ಇಎಂಟಿ ಕಲಬುರಗಿ ಕಡೆಯ ಹುಡುಗ. ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕದ ಮಟ್ಟ ನೋಡಿ, ರಕ್ತದೊತ್ತಡ ಅಳೆದು, ತಾಯಿಯನ್ನು ಮಲಗಿಸಲು ಹೊರಟ ನಮ್ಮನ್ನು ತಡೆದು, ಬೆನ್ನಿಗೆ ಆಸರೆ ಕೊಟ್ಟು ಅರೆ ಕುಳಿತ ಭಂಗಿಯಲ್ಲೇ ಸ್ಟ್ರೆಚರಿಗೆ ಏರಿಸಿದ. ಕರೆ ಕೇಂದ್ರದ ವೈದ್ಯರೊಂದಿಗೆ ಫೋನಿನಲ್ಲಿ ಮಾತನಾಡುತ್ತಲೇ ಮುಖಕ್ಕೆ ಆಮ್ಲಜನಕದ ಮಾಸ್ಕ್ ಇಟ್ಟ. "ಅಜ್ಜಿ, ಹೆದರಬ್ಯಾಡ್ರಿ, ನಿಧಾನಕ್ಕ ಉಸಿರು ತಗೋರಿ" ಎಂದು ಹದಿನೆಂಟು ಕಿಲೋಮೀಟರೂ ಅವನು ಹೇಳುತ್ತಿದ್ದ ದನಿ ನನಗಿನ್ನೂ ಕೇಳಿಸುತ್ತದೆ. ಪೈಲಟ್ಟಿಗೆ ನಮ್ಮ ರಸ್ತೆಯ ಗುಂಡಿಗಳು ನಮಗಿಂತ ಚೆನ್ನಾಗಿ ಗೊತ್ತಿದ್ದಂತೆ ತೋರಿತು. ಆಸ್ಪತ್ರೆಯಲ್ಲಿ ತಾಯಿಯನ್ನು ಒಪ್ಪಿಸಿ, ದಾರಿಯುದ್ದಕ್ಕೂ ಬರೆದಿದ್ದ ಚಿಕಿತ್ಸಾ ದಾಖಲೆಯ ಹಾಳೆಗೆ ಅಲ್ಲಿನ ವೈದ್ಯರ ಸಹಿ ಪಡೆದು ಅವರಿಬ್ಬರೂ ಹೊರಟರು. ಮೂರು ದಿನಗಳ ನಂತರ ತಾಯಿ ಮನೆಗೆ ಬಂದು ಎಳ್ಳು ಬೆಲ್ಲ ತಿಂದರು.

ಸೇವೆಯನ್ನು ಪಡೆದವನ ದೃಷ್ಟಿಯಿಂದ ಮಾತ್ರ ಬರೆಯುವುದಾದರೆ ಈ ವಿಮರ್ಶೆ ಇಲ್ಲಿಗೇ ಮುಗಿಯಬೇಕು, ಐದಕ್ಕೆ ಐದು ಅಂಕ. ಆದರೆ ಆಸ್ಪತ್ರೆಯ ಅಂಗಳದಲ್ಲಿ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಇಷ್ಟಕ್ಕೆ ನಿಲ್ಲಗೊಡಲಿಲ್ಲ. ಹೊರಡುವ ಮುನ್ನ ತಮ್ಮ ಐನೂರರ ಒಂದು ನೋಟನ್ನು ಪೈಲಟ್ಟರ ಜೇಬಿಗೆ ತುರುಕಲು ಹೋದ. ಅವರು ಅವನ ಕೈ ಹಿಡಿದು ಹಿಂದಕ್ಕೆ ತಳ್ಳಿ, "ಇದೆಲ್ಲ ಬೇಡ ಯಜಮಾನ್ರೆ, ಫ್ರೀ ಸರ್ವಿಸ್ ಇದು" ಎಂದರು. ತಮ್ಮನ ಉದ್ದೇಶ ಒಳ್ಳೆಯದೇ. ಅಪರಾತ್ರಿಯಲ್ಲಿ, ಚಳಿಯಲ್ಲಿ, ಯಾರದೋ ತಾಯಿಗಾಗಿ ಓಡಿ ಬಂದವರಿಗೆ ದಿನಗೂಲಿಯ ಮೇಲೆ ಏನಾದರೂ ಸಲ್ಲಬೇಕು ಎಂದು ಅವನಿಗೆ ಅನ್ನಿಸಿತ್ತು. ಪೈಲಟ್ಟರ ನಿರಾಕರಣೆಯೂ ಸರಿಯೇ, ಏಕೆಂದರೆ ರೋಗಿಯ ಮನೆಯವರ ಜೇಬಿನಿಂದ ಅದು ಬರತೊಡಗಿದರೆ ಐನೂರು ಕೊಡಲಾಗದವರ ಮನೆಗೆ ವಾಹನ ತಡವಾಗಿ ಹೋಗುವ ದಿನ ದೂರವಿರುವುದಿಲ್ಲ. ಹಾಗಾದರೆ ಆ ಐನೂರು ಯಾರ ಲೆಕ್ಕದಲ್ಲಿ ಖರ್ಚಾಗಬೇಕು? ಮೂವತ್ತೆರಡು ವರ್ಷ ಖಜಾನೆ ಇಲಾಖೆಯಲ್ಲಿ ಸಂಬಳದ ಬಿಲ್ಲುಗಳನ್ನು ನೋಡಿ ನಿವೃತ್ತನಾದ ನನಗೆ ಈ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ.

ಖಜಾನೆಯಲ್ಲಿ ಕೂತವರಿಗೆ ಮೊದಲ ವಾರದಲ್ಲೇ ತಿಳಿಯುವ ಸಂಗತಿಯೆಂದರೆ, ಭತ್ಯೆ ಎಂಬುದು ಮನುಷ್ಯನಿಗೆ ಅಂಟಿಕೊಂಡಿರುವುದಿಲ್ಲ, ಹುದ್ದೆಗೆ ಅಂಟಿಕೊಂಡಿರುತ್ತದೆ. ಮಂಜೂರಾದ ಹುದ್ದೆ ಇದ್ದರೆ ವೇತನ ಶ್ರೇಣಿ, ಶ್ರೇಣಿ ಇದ್ದರೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಕೆಲಸದ ಸ್ವರೂಪಕ್ಕೆ ತಕ್ಕ ವಿಶೇಷ ಭತ್ಯೆ. 108ರ ಸಿಬ್ಬಂದಿಗೆ ಸರ್ಕಾರದಲ್ಲಿ ಹುದ್ದೆಯೇ ಇಲ್ಲ. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಈ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಹೈದರಾಬಾದಿನಲ್ಲಿ 2005ರಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗರಾಜು ಅವರ ಕುಟುಂಬದ ನೆರವಿನಿಂದ ಹುಟ್ಟಿದ ಇಎಂಆರ್‌ಐ ಸಂಸ್ಥೆಯೊಂದಿಗೆ ನಮ್ಮ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಸತ್ಯಂ ಹಗರಣ 2009ರ ಜನವರಿಯಲ್ಲಿ ಬಯಲಾದ ಮೇಲೆ ಜಿವಿಕೆ ಸಮೂಹ ಅದರ ಹೊಣೆ ಹೊತ್ತಿತು. ಕಂಪನಿಯ ಕಥೆ ಏನೇ ಇರಲಿ, ಸರ್ಕಾರದ ದುಡ್ಡು ಸಂಸ್ಥೆಗೆ, ಸಂಸ್ಥೆಯಿಂದ ಸಂಬಳ ಸಿಬ್ಬಂದಿಗೆ ಎಂಬ ಏರ್ಪಾಡು ಮೊದಲಿನಿಂದಲೂ ಬಂದದ್ದು. ಅಂದರೆ ನಮ್ಮ ತಾಯಿಯ ಮುಖಕ್ಕೆ ಮಾಸ್ಕ್ ಇಟ್ಟ ಹುಡುಗನ ದುಡಿಮೆ ಖಜಾನೆಯಲ್ಲಿ ವೇತನದ ಬಿಲ್ಲಾಗಿ ಬರುವುದಿಲ್ಲ. ಡೀಸೆಲ್ಲು, ಟೈರು, ಆಮ್ಲಜನಕದ ಸಿಲಿಂಡರುಗಳ ಜೊತೆಗೆ ಸೇವಾ ವೆಚ್ಚದ ಒಟ್ಟು ಮೊತ್ತದೊಳಗೆ ಕರಗಿ ಬರುತ್ತದೆ.

ಇದೇ ಕೆಲಸ ಹುದ್ದೆಯ ರೂಪದಲ್ಲಿ ಇರುವಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ 'ಹಾಸ್ಪಿಟಲ್ ಪೇಷೆಂಟ್ ಕೇರ್ ಅಲೋಯನ್ಸ್' ಎಂಬ ಭತ್ಯೆಯೊಂದಿದೆ. ಸಾಂಕ್ರಾಮಿಕ ರೋಗಿಗಳ ನಿರಂತರ ಸಂಪರ್ಕದಲ್ಲಿ ಕೆಲಸ ಮಾಡುವ, ಸೋಂಕು ತಗುಲಿದ ಬಟ್ಟೆ, ಉಪಕರಣಗಳನ್ನು ಮುಟ್ಟಲೇಬೇಕಾದ ಕೆಳಹಂತದ ನೌಕರರಿಗೆ 1980ರ ದಶಕದ ಕೊನೆಯಲ್ಲಿ ಇದನ್ನು ಕೊಡಲಾರಂಭಿಸಿದರು. ಆ ಆದೇಶದ ಒಂದು ಸಾಲು ಖಜಾನೆಯವರಿಗೆ ಮಾತ್ರ ರುಚಿಸುವಂಥದ್ದು: ಆಂಬ್ಯುಲೆನ್ಸ್ ಚಾಲಕರು ಇದಕ್ಕೆ ಅರ್ಹರು, ಅಧಿಕಾರಿಗಳ ಕಾರು ಓಡಿಸುವ ಚಾಲಕರು ಅರ್ಹರಲ್ಲ. ಇಬ್ಬರ ಕೈಯಲ್ಲಿರುವ ಲೈಸೆನ್ಸು ಒಂದೇ, ಹಿಂದಿನ ಸೀಟಿನಲ್ಲಿ ಇರುವವರು ಬೇರೆ ಎಂಬುದನ್ನು ಸರ್ಕಾರವೇ ಒಪ್ಪಿ ಬರೆದುಕೊಂಡಿದೆ. ಏಳನೇ ವೇತನ ಆಯೋಗದ ನಂತರ, 2017ರ ಜುಲೈನಿಂದ, ಈ ಭತ್ಯೆ ತಿಂಗಳಿಗೆ 4,100 ರೂಪಾಯಿಯಾಯಿತು, ಮೇಲಿನ ಹಂತದವರಿಗೆ 5,300. ತುಟ್ಟಿಭತ್ಯೆ ಮೂಲ ವೇತನದ ಶೇ 50 ಮುಟ್ಟಿದಾಗಲೆಲ್ಲ ಇಂಥ ಭತ್ಯೆಗಳು ಶೇ 25ರಷ್ಟು ಏರಬೇಕೆಂಬ ನಿಯಮವೂ ಜೊತೆಗಿದೆ. ಯಾರೂ ಫ್ರೀಡಂ ಪಾರ್ಕಿನಲ್ಲಿ ಕೂರದೆ ತಾನಾಗಿ ಏರುವ ದುಡ್ಡು ಅದು.

ರಾತ್ರಿ ಪಾಳಿಗೂ ಕೇಂದ್ರದಲ್ಲಿ ಪ್ರತ್ಯೇಕ ಲೆಕ್ಕವಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಪ್ರತಿ ಒಂದು ಗಂಟೆಯ ಕೆಲಸಕ್ಕೆ ಹತ್ತು ನಿಮಿಷ ಸೇರಿಸಿ ಎಣಿಸುತ್ತಾರೆ. ಪೂರ್ತಿ ರಾತ್ರಿ ದುಡಿದವರಿಗೆ ಎಂಬತ್ತು ನಿಮಿಷಗಳ ಹೆಚ್ಚುವರಿ ಸಂಬಳ. ಮೂಲ ವೇತನ 43,600 ರೂಪಾಯಿ ಮೀರಿದವರಿಗೆ ಇದಿಲ್ಲ ಎಂದು 2020ರಲ್ಲಿ ಮಿತಿ ಹಾಕಿದರು. ಆದ್ದರಿಂದ ಅದು ಕೆಳಗಿನ ಶ್ರೇಣಿಯವರಿಗೇ ಸಲ್ಲುತ್ತದೆ. ಖಾಸಗಿ ಮತ್ತು ಗುತ್ತಿಗೆ ಕೆಲಸಕ್ಕೆ ಅನ್ವಯಿಸುವ ನಮ್ಮ ಕಾರ್ಮಿಕ ಕಾನೂನುಗಳಲ್ಲಿ ಅಧಿಕಾವಧಿಗೆ ದುಪ್ಪಟ್ಟು ದರ ಉಂಟು, ರಾತ್ರಿಯ ಕೆಲಸಕ್ಕೆಂದು ಬೇರೆ ದರವಿಲ್ಲ. ಆದ್ದರಿಂದ ಎರಡೂಕಾಲರ ಕರೆಗೂ ಮಧ್ಯಾಹ್ನದ ಕರೆಗೂ ಬೆಲೆ ಬೇರೆ ಎಂದು ಕಾಣಿಸಬೇಕಾದರೆ ಅದನ್ನು ಸರ್ಕಾರವೇ ಒಪ್ಪಂದದಲ್ಲಿ ಬರೆಯಿಸಬೇಕು. ಇಲ್ಲವೇ ತಾನೇ ಕೊಡಬೇಕು.

ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ವೇತನ ಪುಸ್ತಕವನ್ನು ಒಮ್ಮೆ ಓದುವಂತೆ, ಅಲ್ಲಿ ನರ್ಸಾಗಿರುವ ನಮ್ಮ ಅಕ್ಕನ ಮಗಳು ಹೇಳಿದಳು. ಖಜಾನೆಯವನಿಗೆ ಅದು ಹಬ್ಬದೂಟ. ವಾರದ ದಿನಗಳಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 6ರವರೆಗಿನ ಕೆಲಸಕ್ಕೆ ಮತ್ತು ಶನಿವಾರದ ಕೆಲಸಕ್ಕೆ ನಾಲ್ಕನೆಯ ಶ್ರೇಣಿ ಮತ್ತು ಅದರ ಮೇಲಿನವರಿಗೆ ಗಂಟೆಯ ಸಂಬಳದ ಮೇಲೆ ಶೇ 30 ಸೇರುತ್ತದೆ. ಭಾನುವಾರ ಹಾಗೂ ಸಾರ್ವಜನಿಕ ರಜೆಯ ದಿನ ಶೇ 60. ಮೂರನೆಯ ಶ್ರೇಣಿಗೆ ಇದು ಶೇ 35 ಮತ್ತು 69, ಎರಡನೆಯ ಶ್ರೇಣಿಗೆ ಶೇ 41 ಮತ್ತು 83. ಸಂಬಳ ಕಡಿಮೆಯಾದಷ್ಟೂ ನಿದ್ದೆಗೆಟ್ಟದ್ದಕ್ಕೆ ಸಿಗುವ ಶೇಕಡಾವಾರು ಹೆಚ್ಚು! ನಮ್ಮಲ್ಲಿ ಭತ್ಯೆಗಳು ಮೇಲಿನವರಿಗೆ ದೊಡ್ಡದಾಗುತ್ತಾ ಹೋಗುವುದನ್ನೇ ನೋಡಿ ಅಭ್ಯಾಸವಾದ ನನಗೆ ಆ ಪಟ್ಟಿಯನ್ನು ತಲೆಕೆಳಗಾಗಿ ಹಿಡಿದಿದ್ದೇನೇನೋ ಎಂದು ಒಂದು ಕ್ಷಣ ಅನುಮಾನವಾಯಿತು. ಒಳ ಲಂಡನ್ನಿನಲ್ಲಿ ಕೆಲಸ ಮಾಡುವವರಿಗೆ, ಕನಿಷ್ಠ ಮತ್ತು ಗರಿಷ್ಠ ಮಿತಿಗೆ ಒಳಪಟ್ಟು, ಮೂಲ ವೇತನದ ಶೇ 20ರಷ್ಟು ದುಬಾರಿ ಊರಿನ ಪೂರಕ ಬೇರೆ ಇದೆ. ಹಾಗೆಂದು ಅಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದಲ್ಲ. ಬೆಲೆ ಏರಿಕೆಗೆ ಮೂಲ ವೇತನ ಸಾಟಿಯಾಗದೆ 2022ರ ಡಿಸೆಂಬರ್ 21ರಂದು ಆಂಬ್ಯುಲೆನ್ಸ್ ಸಿಬ್ಬಂದಿ ಮುಷ್ಕರ ಹೂಡಿದರು. ಮರುವರ್ಷದ ಒಪ್ಪಂದದಲ್ಲಿ ಶೇ 5ರ ಏರಿಕೆಯ ಜೊತೆಗೆ ಕನಿಷ್ಠ 1,655 ಪೌಂಡುಗಳ ಒಂದು ಬಾರಿಯ ಇಡಿಗಂಟು ಸಿಕ್ಕಿತು. ಆದರೆ ಇಡಿಗಂಟು ಮೂಲ ವೇತನಕ್ಕೆ ಸೇರದ್ದರಿಂದ ಮುಂದಿನ ವರ್ಷ ಅದು ಇರಲಿಲ್ಲ. ಒಂದು ಬಾರಿಯ ಪ್ರೋತ್ಸಾಹಧನ ಘೋಷಿಸುವುದನ್ನು ಎಲ್ಲ ದೇಶಗಳ ಹಣಕಾಸು ಇಲಾಖೆಗಳೂ ಇಷ್ಟಪಡುವುದು ಇದೇ ಕಾರಣಕ್ಕೆ.

ನಮ್ಮಲ್ಲಿ ಹುದ್ದೆಯಿಲ್ಲದವರಿಗೆ ಸರ್ಕಾರ ನೇರವಾಗಿ ಏನನ್ನೂ ಕೊಡಲು ಬರುವುದಿಲ್ಲ ಎಂಬ ವಾದವನ್ನು ಕಚೇರಿಗಳಲ್ಲಿ ನಾನು ನೂರು ಬಾರಿ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಅದು ನಿಜವಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ತಮ್ಮನ ಪಾಸ್‌ಬುಕ್ಕಿನಲ್ಲೇ ಇದೆ. ಅವನು ಊರಿನ ಡೈರಿಗೆ ಹಾಲು ಹಾಕುತ್ತಾನೆ. ಹಾಲಿನ ದರವನ್ನು ಜಿಲ್ಲಾ ಒಕ್ಕೂಟ ಕೊಡುತ್ತದೆ. ಅದರ ಮೇಲೆ ಲೀಟರಿಗೆ 5 ರೂಪಾಯಿಯಂತೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಅವನ ಖಾತೆಗೆ ಬೇರೆಯಾಗಿ ಜಮೆಯಾಗುತ್ತದೆ. ಇದು 2 ರೂಪಾಯಿಯಿಂದ ಶುರುವಾದದ್ದು 2008ರಲ್ಲಿ, 108 ಬಂದ ವರ್ಷದಲ್ಲೇ. ತಮ್ಮ ಸರ್ಕಾರಿ ನೌಕರನಲ್ಲ, ಒಕ್ಕೂಟ ಸರ್ಕಾರದ ಇಲಾಖೆಯಲ್ಲ. ಆದರೂ ನಡುವೆ ಇರುವ ಸಂಸ್ಥೆಯನ್ನು ದಾಟಿ ದುಡ್ಡು ದುಡಿದವನ ಹೆಸರಿಗೇ ಹೋಗುತ್ತದೆ. ಒಕ್ಕೂಟ ಎಷ್ಟು ಕೊಟ್ಟಿತು, ಸರ್ಕಾರ ಎಷ್ಟು ಕೊಟ್ಟಿತು ಎಂಬುದು ಅವನಿಗೆ ಎರಡು ಸಾಲಿನಲ್ಲಿ ಕಾಣುತ್ತದೆ. ಆಶಾ ಕಾರ್ಯಕರ್ತೆಯರ ವಿಷಯವೂ ಇದೇ. ಅವರೂ ನೌಕರರಲ್ಲ ಎಂದೇ ಸರ್ಕಾರ ಹೇಳುತ್ತದೆ, ಆದರೆ 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ನಾಲ್ಕು ದಿನ ಅವರು ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಮುಖ್ಯಮಂತ್ರಿಯವರಿಂದ ಬಂತು.

ಆಂಬ್ಯುಲೆನ್ಸ್ ಸಿಬ್ಬಂದಿಯನ್ನೂ ಸರ್ಕಾರ ಹೀಗೆ ಗುತ್ತಿಗೆಯ ಗೋಡೆಯಾಚೆಗೆ ಕೈಚಾಚಿ ಮುಟ್ಟಿದ ಒಂದು ಸಂದರ್ಭ ಇತ್ತು. ಕೋವಿಡ್ ಬಂದಾಗ, 2020ರ ಮಾರ್ಚ್ 30ರಿಂದ, ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಪ್ಯಾಕೇಜಿನಡಿ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷ ರೂಪಾಯಿಗಳ ವಿಮೆ ಜಾರಿಗೆ ಬಂತು. ಸುಮಾರು 22.12 ಲಕ್ಷ ಜನರಿಗೆ ಅನ್ವಯವಾಗುವ ಆ ವಿಮೆಯ ಪಟ್ಟಿಯಲ್ಲಿ ಗುತ್ತಿಗೆ, ದಿನಗೂಲಿ, ಹೊರಗುತ್ತಿಗೆ ಸಿಬ್ಬಂದಿ ಎಂದು ಒಂದೊಂದನ್ನೂ ಹೆಸರಿಸಿ ಬರೆದಿದ್ದರು. ಅಂದರೆ ಅಪಾಯ ಎಂಬುದು ನೇಮಕಾತಿ ಆದೇಶವನ್ನು ನೋಡಿ ಬರುವುದಿಲ್ಲ ಎಂಬ ತಿಳಿವಳಿಕೆ ದಿಲ್ಲಿಯ ಕಚೇರಿಗಳಿಗೆ ಆಗ ಇತ್ತು. ಆದರೆ ಆ ಹಣ ಕುಟುಂಬಕ್ಕೆ ಸಿಗಲು ಮನುಷ್ಯ ಸಾಯಬೇಕಾಗಿತ್ತು. ಬದುಕಿ, ಮರುದಿನ ರಾತ್ರಿ ಮತ್ತೆ ಪಾಳಿಗೆ ಬಂದವರಿಗೆ ಆ ವಿಮೆಯಲ್ಲಿ ಕಾಲಂ ಇರಲಿಲ್ಲ.

ಈಗ ಹಾಲಿನ ಮಾದರಿಯ ದೋಷಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು, ಆ 5 ರೂಪಾಯಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ ಎಂದು ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಲು ಹಾಕುವವನಿಗೆ ಅದು ಮೇಲುಗಳಿಕೆಯಾದ್ದರಿಂದ ತಡೆದುಕೊಳ್ಳುತ್ತಾನೆ. ಬಾಡಿಗೆ ಮನೆಯಲ್ಲಿ, ತನ್ನ ಊರಿನಿಂದ ಐನೂರು ಕಿಲೋಮೀಟರ್ ದೂರದಲ್ಲಿರುವ ಇಎಂಟಿಗೆ ತಡೆದುಕೊಳ್ಳುವುದು ಅಷ್ಟು ಸುಲಭವಲ್ಲ. 108ರ ಸಿಬ್ಬಂದಿಯ ಸಂಬಳವೇ ಬಾಕಿ ಉಳಿದು, ಅವರು ಕೆಲಸ ನಿಲ್ಲಿಸುವ ಎಚ್ಚರಿಕೆ ಕೊಟ್ಟ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನಾವು ಒಂದಕ್ಕಿಂತ ಹೆಚ್ಚು ಬಾರಿ ಓದಿದ್ದೇವೆ. ಮೂಲ ಸಂಬಳವೇ ತಡವಾಗುವಲ್ಲಿ ಪೂರಕದ ಮಾತು ಮೈಗೆ ಅಂಗಿಯಿಲ್ಲದವನಿಗೆ ಶಲ್ಯ ಹೊದಿಸಿದಂತೆ. ಎರಡನೆಯದು ಇನ್ನೂ ಸೂಕ್ಷ್ಮ. ಸರ್ಕಾರ ಮೇಲಿನಿಂದ ಕೊಡುತ್ತದೆ ಎಂದಾದರೆ ನಡುವಿನ ಸಂಸ್ಥೆ ತನ್ನ ಪಾಲನ್ನು ಮೆಲ್ಲಗೆ ಇಳಿಸಬಹುದು. ಒಕ್ಕೂಟ ಖರೀದಿ ದರ ಇಳಿಸಿದ ದಿನ ಪ್ರೋತ್ಸಾಹಧನದ ಲಾಭ ಯಾರಿಗೆ ಹೋಯಿತು ಎಂದು ತಮ್ಮ ಲೆಕ್ಕ ಹಾಕುತ್ತಾನೆ. ಟೆಂಡರ್ ಹಿಡಿಯುವ ಸಂಸ್ಥೆಯೂ ಭತ್ಯೆ ಹೇಗೂ ಬರುತ್ತದೆ ಎಂದು ಮೂಲ ವೇತನವನ್ನು ಕಡಿಮೆ ನಮೂದಿಸಿ ದರ ಕೂಗಬಹುದು. ಆದ್ದರಿಂದ ಪೂರಕ ಕೊಡುವ ಆದೇಶದಲ್ಲೇ, ಇಂಥ ದಿನಾಂಕದಂದು ಇದ್ದ ಮೂಲ ವೇತನಕ್ಕಿಂತ ಒಂದು ರೂಪಾಯಿಯೂ ಕೆಳಗಿಳಿಯಬಾರದು ಎಂಬ ಷರತ್ತು ಇರಬೇಕು. ಅದನ್ನು ಪರಿಶೀಲಿಸಲು ಪ್ರತಿ ತಿಂಗಳ ಬಿಲ್ಲಿನ ಜೊತೆ ಸಿಬ್ಬಂದಿಯ ಬ್ಯಾಂಕ್ ಜಮಾ ಪಟ್ಟಿಯನ್ನು ಲಗತ್ತಿಸುವುದನ್ನು ಕಡ್ಡಾಯ ಮಾಡಬೇಕು. ಪಟ್ಟಿ ಇಲ್ಲದಿದ್ದರೆ ಬಿಲ್ಲಿಗೆ ಆಕ್ಷೇಪಣೆ ಹಾಕಿ ವಾಪಸ್ಸು ಕಳಿಸುವುದು ಖಜಾನೆಯ ಗುಮಾಸ್ತರಿಗೆ ಬಲು ಇಷ್ಟದ ಕೆಲಸ, ಅವರನ್ನು ಈ ಒಂದು ಸಲವಾದರೂ ಒಳ್ಳೆಯದಕ್ಕೆ ಬಳಸಿಕೊಳ್ಳಬಹುದು.

ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ, ಅಂದರೆ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೇ, ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂಬ ತತ್ವ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿಯೇ ಇತ್ತು. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ತಾತ್ಕಾಲಿಕ ನೌಕರರಿಗೂ ಸಲ್ಲುತ್ತದೆ ಎಂದು ಪಂಜಾಬ್ ಸರ್ಕಾರ ಮತ್ತು ಜಗ್ಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರ ಅಕ್ಟೋಬರಿನಲ್ಲಿ ಹೇಳಿದೆ. ಇವೆರಡನ್ನೂ ಇಲ್ಲಿ ನೆನೆದದ್ದು ಕಾನೂನಿನ ಪಾಠಕ್ಕಲ್ಲ. ದಾರಿಯೇ ಇಲ್ಲ ಎಂದು ಕೈಚೆಲ್ಲುವವರಿಗೆ ದಾರಿ ತೋರಿಸಲಿಕ್ಕೆ.

ಸೇವೆಯ ಇತರ ಅಂಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕರೆ ತಕ್ಷಣ ಸ್ವೀಕೃತವಾಯಿತು. ವಾಹನ ಒಳಗೆ ಶುಚಿಯಾಗಿತ್ತು. 2023ರ ನವೆಂಬರ್ 30ರಂದು ಮುಖ್ಯಮಂತ್ರಿಗಳು 262 ಹೊಸ ಆಂಬ್ಯುಲೆನ್ಸ್‌ಗಳಿಗೆ ಹಸಿರು ಬಾವುಟ ತೋರಿಸಿದ್ದರು. ಅವುಗಳಲ್ಲಿ 105 ಉನ್ನತ ಜೀವರಕ್ಷಕ ವ್ಯವಸ್ಥೆಯವು, 157 ಪ್ರಾಥಮಿಕ ವ್ಯವಸ್ಥೆಯವು. ವಿಧಾನಸೌಧದ ಮುಂದೆ ಸಾಲಾಗಿ ನಿಂತ ಬಿಳಿಯ ವಾಹನಗಳ ಚಿತ್ರ ಮರುದಿನದ ಪತ್ರಿಕೆಗಳಲ್ಲಿ ಚೆನ್ನಾಗಿ ಬಂದಿತ್ತು. ಭತ್ಯೆಯನ್ನು ಹಾಗೆ ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಯಲಾಗದು ಎಂಬುದು ಅದರ ದೊಡ್ಡ ಕೊರತೆ ಇರಬೇಕು.

ಎರಡು ದಿನ ಕಳೆದು ಕರೆ ಕೇಂದ್ರದಿಂದ ಫೋನು ಬಂತು. ಅಜ್ಜಿ ಹೇಗಿದ್ದಾರೆ, ಸೇವೆ ಹೇಗಿತ್ತು ಎಂದು ವಿಚಾರಿಸಿದರು. ಅಜ್ಜಿ ಚೆನ್ನಾಗಿದ್ದಾರೆ, ಬಂದಿದ್ದ ಇಬ್ಬರೂ ಬಹಳ ಚೆನ್ನಾಗಿ ನೋಡಿಕೊಂಡರು ಎಂದೆ. ಕರೆ ಮಾಡಿದ ಹೆಣ್ಣುಮಗಳು ಧನ್ಯವಾದ ಹೇಳಿ ಫೋನಿಟ್ಟಳು. ಅವಳೂ ಯಾವ ಪಾಳಿಯಲ್ಲಿದ್ದಳೋ.

ಅಂಕಗಳ ವಿಚಾರ. ಬಂದ ಇಬ್ಬರ ಕೌಶಲ ಮತ್ತು ನಡತೆಗೆ ಐದಕ್ಕೆ ಐದು. ವಾಹನ, ಸಲಕರಣೆ, ಕರೆ ಕೇಂದ್ರ ಇವುಗಳಿಗೆ ನಾಲ್ಕು. ಮೂವತ್ತೊಂದು ನಿಮಿಷ ನಮ್ಮ ರಸ್ತೆಗೆ ಕಡಿಮೆಯೇ, ಉಸಿರು ಕಟ್ಟಿದವರಿಗೆ ಬಹಳ. ಆ ಇಬ್ಬರಿಗೆ ರಾತ್ರಿ, ಸೋಂಕು, ದೂರ ಇವುಗಳ ಲೆಕ್ಕದಲ್ಲಿ ಸಲ್ಲಬೇಕಾದುದನ್ನು ಸೇವಾ ವೆಚ್ಚದ ಒಟ್ಟು ಮೊತ್ತದೊಳಗೆ ಮರೆಮಾಡಿಟ್ಟಿರುವ ಏರ್ಪಾಡಿಗೆ ಒಂದೂವರೆ. ಈ ಕೊನೆಯ ಅಂಕ ಸಿಬ್ಬಂದಿಯ ಮೇಲಿನ ದೂರಲ್ಲ, ನಡೆಸುವ ಸಂಸ್ಥೆಯೊಂದರ ಮೇಲಷ್ಟೇ ಹಾಕುವ ತಪ್ಪೂ ಅಲ್ಲ. ಬಿಲ್ಲಿಗೆ ಮಂಜೂರಾತಿ ಕೊಡುವವರು ಮತ್ತು ಅದನ್ನು ಪಾಸು ಮಾಡುವ ನನ್ನಂಥವರು ಸೇರಿ ಗಳಿಸಿದ್ದು. 108ನ್ನು ಖಾಸಗಿ ಸಂಸ್ಥೆಯ ಕೈಯಿಂದ ಬಿಡಿಸಿ ಆರೋಗ್ಯ ಇಲಾಖೆಯೇ ನೇರವಾಗಿ ನಡೆಸುವುದಾಗಿ ಸರ್ಕಾರ 2025ರಲ್ಲಿ ಹೇಳಿದೆ. ಹಾಗೆ ನಡೆಸಿದಾಗ ಬರುವ ಮೊದಲ ಸಂಬಳದ ಚೀಟಿಯಲ್ಲಿ 'ಭತ್ಯೆಗಳು' ಎಂಬ ಸಾಲಿನ ಎದುರು ಏನು ಬರೆದಿದೆ ಎಂಬುದನ್ನು ನೋಡಿ ಆ ಒಂದೂವರೆಯನ್ನು ತಿದ್ದುತ್ತೇನೆ. ಅಲ್ಲಿಯವರೆಗೆ, ಕರೆ ಮಾಡುವವರಿಗೆ ಒಂದು ಸೂಚನೆ: ಊರಿನ ಹೆಸರಿನ ಜೊತೆಗೆ ಹೋಬಳಿಯನ್ನೂ ಹಗಲು ರಾತ್ರಿ ಎರಡೂ ಹೊತ್ತು ಕಾಣುವ ಒಂದು ಗುರುತನ್ನೂ ಮೊದಲೇ ನೆನಪಿಟ್ಟುಕೊಳ್ಳಿ, ಟಾರ್ಚು ಹಿಡಿದು ಒಬ್ಬರನ್ನು ರಸ್ತೆಯ ತಿರುವಿನಲ್ಲಿ ನಿಲ್ಲಿಸಿ, ಐನೂರರ ನೋಟನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.